ಗೊತ್ತಿಲ್ಲದ ರೋಗಕ್ಕೆ ಎಷ್ಟು ಅಂಕ?

ಪ್ರಾಣಿಗಳಿಂದ ಮನುಷ್ಯರಿಗೆ ದಾಟುವ ರೋಗಗಳಲ್ಲಿ ಯಾವುದರ ಮೇಲೆ ಮೊದಲು ಕಣ್ಣಿಡಬೇಕು ಎಂಬುದನ್ನು ಅಂಕ ಹಾಕಿ ನಿರ್ಧರಿಸುವ ಕ್ರಮ ಈಗ ಹಲವು ದೇಶಗಳಲ್ಲಿದೆ. ರೋಗ ಎಷ್ಟು ಮಾರಕ, ಮನುಷ್ಯರ ನಡುವೆ ಹರಡುತ್ತದೆಯೇ, ಲಸಿಕೆ ಇದೆಯೇ ಎಂಬ ಪ್ರಶ್ನೆಗಳಿಗೆ ಒಂದೊಂದು ತೂಕ ಕೊಟ್ಟು, ಕೂಡಿಸಿ, ಪಟ್ಟಿ ಸಿದ್ಧಪಡಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಆದ್ಯತಾ ಪಟ್ಟಿಯಲ್ಲಿ ಎಬೋಲಾ, ಪಶ್ಚಿಮ ಆಫ್ರಿಕದಲ್ಲಿ ಇಲಿಗಳಿಂದ ಹರಡುವ ಲಾಸ್ಸಾ ಜ್ವರ, ಬಾವಲಿಗಳಿಂದ ಬರುವ ನಿಫಾಗಳ ಜೊತೆಗೆ, ಇನ್ನೂ ಕಾಣಿಸಿಕೊಳ್ಳದ ರೋಗಕ್ಕೆಂದು ‘ಡಿಸೀಸ್ ಎಕ್ಸ್’ ಎಂಬ ಒಂದು ಸ್ಥಾನವನ್ನೂ ಕಾದಿರಿಸಲಾಗಿತ್ತು. ಆ ಪಟ್ಟಿಯ ಅತ್ಯಂತ ಪ್ರಾಮಾಣಿಕ ಸಾಲು ಅದೇ ಎಂದು ನನ್ನ ಭಾವನೆ.

ಏಕೆಂದರೆ ಇಂತಹ ಪಟ್ಟಿಗಳು ಅಪಾಯವನ್ನು ಅಳೆಯುವುದರ ಜೊತೆಗೆ ನಮ್ಮ ತಿಳುವಳಿಕೆಯನ್ನೂ ಅಳೆಯುತ್ತವೆ. 2021ರಲ್ಲಿ ಅಮೆರಿಕದ ವಿಜ್ಞಾನಿಗಳು ವನ್ಯಜೀವಿಗಳ 887 ವೈರಸ್‌ಗಳಿಗೆ ಅಂಕ ಕೊಟ್ಟಾಗ ಮೊದಲ ಸ್ಥಾನ ಲಾಸ್ಸಾಕ್ಕೆ ಸಿಕ್ಕಿತು. ಆಗ ಜಗತ್ತನ್ನೇ ಕಾಡುತ್ತಿದ್ದ ಕೋವಿಡ್ ವೈರಸ್ ಎರಡನೆಯದಾಯಿತು. ಲಾಸ್ಸಾದ ಬಗ್ಗೆ ದಶಕಗಳ ಅಧ್ಯಯನವಿತ್ತು, ಕೋವಿಡ್ ವೈರಸ್ ಯಾವ ಯಾವ ಪ್ರಾಣಿಗಳಲ್ಲಿ ನೆಲೆಸಿದೆ ಎಂಬುದೇ ಇನ್ನೂ ಸ್ಪಷ್ಟವಿರಲಿಲ್ಲ.

ಕೇರಳದ ಗಡಿಜಿಲ್ಲೆಯಾದ ನಮ್ಮ ಕಾಸರಗೋಡಿಗೆಂದೇ ಒಂದು ಪಟ್ಟಿ ಮಾಡಹೊರಟರೆ ಈ ತೊಡಕು ಮಂಗನ ಕಾಯಿಲೆಯಲ್ಲಿ ಎದುರಾಗುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ, ಕಾಡಿನ ಉಣ್ಣೆಗಳು ಕಚ್ಚಿ ಮಂಗಗಳಿಗೂ ಮನುಷ್ಯರಿಗೂ ಅಂಟುವ ಈ ರೋಗ 1982ರ ಹೊತ್ತಿಗೆ ಬೆಳ್ತಂಗಡಿಗೂ, 2015ರಲ್ಲಿ ದೊಡ್ಡ ಪ್ರಮಾಣದಲ್ಲಿ ವಯನಾಡಿಗೂ ಬಂದಿತ್ತು. ನಾವು ಇವೆರಡರ ನಡುವೆ ಇದ್ದೇವೆ. ಕಾಡಿನಂಚಿನ ತೋಟಗಳಿಗೆ ಮಂಗಗಳು ಹಿಂಡುಹಿಂಡಾಗಿ ಇಳಿಯುತ್ತವೆ, ದರಕು (ಉದುರಿದ ಒಣ ಎಲೆ) ಒಟ್ಟುಮಾಡಲು ಗುಡ್ಡೆಗೆ ಹೋಗುವವರೂ ಇದ್ದಾರೆ. ಆದರೆ ಜ್ವರದ ರೋಗಿಗೆ ಡೆಂಗಿ, ಇಲಿಜ್ವರಗಳ ಪರೀಕ್ಷೆ ನಡೆಯುವಷ್ಟು ಸಹಜವಾಗಿ ಇದರ ಪರೀಕ್ಷೆ ನಡೆಯುವುದಿಲ್ಲ. ವೈದ್ಯರಿಗೆ ಅನುಮಾನ ಬಂದರೆ ಮಾತ್ರ ನಡೆಯುತ್ತದೆ. ಪಟ್ಟಿಯಲ್ಲಿ ಕೆಳಗಿರುವ ರೋಗದ ಅನುಮಾನ ಬರುವುದು ಕಡಿಮೆ, ಪರೀಕ್ಷೆಯಿಲ್ಲದೆ ಪ್ರಕರಣ ದಾಖಲಾಗುವುದಿಲ್ಲ, ಪ್ರಕರಣವಿಲ್ಲದ ರೋಗ ಮುಂದಿನ ಪಟ್ಟಿಯಲ್ಲೂ ಕೆಳಗೇ ಉಳಿಯುತ್ತದೆ. ಆದ್ದರಿಂದ ಮಾಹಿತಿ ಇಲ್ಲದ ಅಂಕಣಕ್ಕೆ ಸೊನ್ನೆಯ ಬದಲು ಸರಾಸರಿಗಿಂತ ತುಸು ಹೆಚ್ಚೇ ಅಂಕ ಕೊಡಬೇಕೆಂದು ನನ್ನ ವಾದ. ಮಂಗ ಸತ್ತ ಸುದ್ದಿಯೇ ಈ ರೋಗದ ಮೊದಲ ಮುನ್ಸೂಚನೆಯಾಗಬಹುದು. ಆ ಸುದ್ದಿ ಅರಣ್ಯ ಇಲಾಖೆಯಿಂದ ಆರೋಗ್ಯ ಇಲಾಖೆಗೆ ಅದೇ ದಿನ ತಲುಪುತ್ತದೆಯೇ ಎಂಬುದಕ್ಕೂ ಒಂದು ಅಂಕಣವಿರಲಿ.

ನಿಫಾಕ್ಕೆ ಮೊದಲ ಸ್ಥಾನ ಕೊಡಲು ನನಗೆ ಹಿಂಜರಿಕೆಯಿಲ್ಲ, ಆದರೆ ಕಾರಣ ಅದರ ಮಾರಕತೆಯೊಂದೇ ಅಲ್ಲ. 2018ರಲ್ಲಿ ಕೋಝಿಕ್ಕೋಡ್, ಮಲಪ್ಪುರಂ ಜಿಲ್ಲೆಗಳಲ್ಲಿ ಸೋಂಕಿತರಲ್ಲಿ ಹೆಚ್ಚಿನವರಿಗೆ ರೋಗ ಅಂಟಿದ್ದು ಆಸ್ಪತ್ರೆಗಳಲ್ಲಿ. ಮಣಿಪಾಲದ ಪ್ರಯೋಗಾಲಯ ವೈರಸ್ಸನ್ನು ಗುರುತಿಸುವಷ್ಟರಲ್ಲಿ ಮೊದಲ ರೋಗಿ ತೀರಿಕೊಂಡಿದ್ದರು. ತಡವಾಗಿ ಗುರುತಿಸಿದರೆ ಎಷ್ಟು ತೆರಬೇಕಾಗುತ್ತದೆ ಎಂಬುದೇ ಕಣ್ಗಾವಲಿನ ಪಟ್ಟಿಗೆ ಸರಿಯಾದ ಅಳತೆ. ಕೇರಳ, ಕರ್ನಾಟಕ ಎರಡೂ ರಾಜ್ಯಗಳ ಬಾವಲಿಗಳಲ್ಲಿ ಈ ವೈರಸ್ಸಿನ ಕುರುಹು ಸಿಕ್ಕಿದೆ. ಬಾವಲಿ ಚೀಪಿ ಬೀಳಿಸಿದ ಹಣ್ಣಡಿಕೆಯನ್ನು ಬರಿಗೈಯಲ್ಲಿ ಹೆಕ್ಕುವ ನಮ್ಮ ರೂಢಿಯಿಂದ ಅಪಾಯ ಎಷ್ಟೆಂದು ಅಳೆಯದೆ, ಅಡಿಕೆ ಕೃಷಿಯ ಜಿಲ್ಲೆಗೆ ಅಂಕ ಹಾಕಲಾಗದು.

ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರಿಲ್ಲವೆಂದೇ ಹೇಳಬೇಕು. ಆದರೂ ಅದಕ್ಕೆ ಮೊದಲು ಬೇಕಾದದ್ದು ನಾಯಿಗಳಿಗೆ ಲಸಿಕೆ, ಹೊಸ ಕಣ್ಗಾವಲಲ್ಲ. ಮಳೆಗಾಲದಲ್ಲಿ ತೋಟದ ಕಣಿ (ನೀರು ಹರಿಯುವ ಕಾಲುವೆ) ಬಿಡಿಸುವವರನ್ನು ಕಾಡುವ ಇಲಿಜ್ವರ ಎರಡನೆಯ ಸ್ಥಾನದಲ್ಲಿರಲಿ: ಅದು ಪ್ರತಿವರ್ಷ ಬರುತ್ತದೆ, ಬೇಗ ಗುರುತಿಸಿದರೆ ಸಾಧಾರಣ ಔಷಧಕ್ಕೆ ಬಗ್ಗುತ್ತದೆ.

ಉಳಿದದ್ದು ಗಡಿ. ಮಂಜೇಶ್ವರ, ಬಾಯಾರು, ಪೆರ್ಲದ ಕಡೆಯವರು ಜ್ವರ ಬಿಗಡಾಯಿಸಿದರೆ ಮಂಗಳೂರಿಗೋ ಪುತ್ತೂರಿಗೋ ಹೋಗುವುದು ರೂಢಿ. ರೋಗಿಯ ಊರು ಒಂದು ರಾಜ್ಯದ್ದು, ರೋಗಪತ್ತೆ ಇನ್ನೊಂದು ರಾಜ್ಯದ್ದು. ವಿಳಾಸದ ಪ್ರಕಾರ ವರದಿ ಹಿಂದಿರುಗದಿದ್ದರೆ ಬಾಯಾರಿನ ರೋಗ ಬಾಯಾರಿನ ಲೆಕ್ಕಕ್ಕೆ ಬರುವುದೇ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಯುವಕನೊಬ್ಬ ಮಲಪ್ಪುರಂನಲ್ಲಿ ನಿಫಾದಿಂದ ತೀರಿಕೊಂಡಾಗ ಎರಡೂ ಸರಕಾರಗಳು ಸಂಪರ್ಕಿತರನ್ನು ಹುಡುಕಬೇಕಾಯಿತು. ತಿರುವನಂತಪುರದ ಪಟ್ಟಿಯಲ್ಲಿ ಕಾಸರಗೋಡು ರಾಜ್ಯದ ಕೊನೆಯ ಜಿಲ್ಲೆ. ರೋಗಗಳ ಲೆಕ್ಕದಲ್ಲಾದರೂ ಅದನ್ನು ದಕ್ಷಿಣ ಕನ್ನಡ, ಕೊಡಗು, ಕಣ್ಣೂರುಗಳ ಜೊತೆ ಸೇರಿಸಿ, ನಾಲ್ಕಕ್ಕೂ ಒಂದೇ ಪಟ್ಟಿ ಮಾಡಬೇಕು.