ಗುಲ್ಮಾರ್ಗ್‌ಗೆ ಮೊದಲ ಸ್ಕೀ ಪ್ರವಾಸ: ಜಾಕೆಟ್‌ಗಿಂತ ಬೂಟು ಮುಖ್ಯ

ಗುಲ್ಮಾರ್ಗ್‌ಗೆ ಸ್ಕೀ ಕಲಿಯಲು ಹೊರಟವರು ಹೆಚ್ಚಾಗಿ ಜಾಕೆಟ್‌ಗೆ ದುಡ್ಡು ಸುರಿಯುತ್ತಾರೆ. ಬೂಟನ್ನು ಅಲ್ಲಿ ಹೋಗಿ ನೋಡಿಕೊಂಡರಾಯಿತು ಎಂದುಕೊಂಡು, ಬಾಡಿಗೆ ಅಂಗಡಿಯವರು ಕೊಟ್ಟದ್ದನ್ನು ಎರಡೇ ನಿಮಿಷದಲ್ಲಿ ತೊಟ್ಟು ಹೊರಡುತ್ತಾರೆ. ಎರಡನೇ ದಿನಕ್ಕೆ ಕಲಿಕೆ ನಿಲ್ಲುವುದು ಚಳಿಯಿಂದಲ್ಲ, ಕಾಲುನೋವಿನಿಂದ.

ಮೊದಲು ದಿನಾಂಕ. ಕಾಶ್ಮೀರದ ಕಡುಚಳಿಯ 40 ದಿನ, ಅಂದರೆ ಚಿಲ್ಲೈ ಕಲಾನ್, ಡಿಸೆಂಬರ್ 21ಕ್ಕೆ ಶುರುವಾಗುತ್ತದೆ. ಆದರೆ ಚಳಿ ಇದ್ದ ಮಾತ್ರಕ್ಕೆ ಹಿಮ ಬೀಳಬೇಕೆಂದಿಲ್ಲ. 2024ರ ಜನವರಿಯಲ್ಲಿ ಬಹುಪಾಲು ದಿನ ಗುಲ್ಮಾರ್ಗ್ ಹಿಮವಿಲ್ಲದೆ ಒಣಗಿತ್ತು. ಜನವರಿ ಕೊನೆಯ ವಾರದಿಂದ ಫೆಬ್ರವರಿ ಮುಗಿಯುವವರೆಗಿನ ಅವಧಿ ಹೆಚ್ಚು ನಂಬಿಕಸ್ಥ. ಆರು ರಾತ್ರಿ ಇಟ್ಟುಕೊಳ್ಳಿ: ನಾಲ್ಕು ದಿನ ಕಲಿಕೆಗೆ, ಒಂದು ದಿನ ಮೈ ಹೊಂದಿಕೊಳ್ಳಲು, ಇನ್ನೊಂದು ಹವಾಮಾನಕ್ಕೆ. ಮಂಜಿನಿಂದಲೋ ಹಿಮಪಾತದಿಂದಲೋ ಶ್ರೀನಗರದ ವಿಮಾನಗಳು ರದ್ದಾಗುವುದು ಅಲ್ಲಿ ಮಾಮೂಲು.

ಶ್ರೀನಗರದಿಂದ ಗುಲ್ಮಾರ್ಗ್‌ಗೆ ಸುಮಾರು 50 ಕಿ.ಮೀ. ತಂಗ್‌ಮಾರ್ಗ್ ದಾಟಿದ ಮೇಲಿನ 13 ಕಿ.ಮೀ. ಘಾಟಿಯಲ್ಲಿ ಹಿಮ ಬಿದ್ದಾಗ ಚೈನ್ ಕಟ್ಟಿದ ಅಥವಾ ಫೋರ್ ವೀಲ್ ಡ್ರೈವ್ ಗಾಡಿಗಳನ್ನಷ್ಟೇ ಬಿಡುತ್ತಾರೆ. ಟ್ಯಾಕ್ಸಿಯ ಮಾತು ತಂಗ್‌ಮಾರ್ಗ್‌ವರೆಗೋ ಹೋಟೆಲ್ ಬಾಗಿಲವರೆಗೋ ಎಂಬುದನ್ನು ಹತ್ತುವ ಮೊದಲೇ ಕೇಳಿಕೊಳ್ಳಿ. ಕರ್ನಾಟಕದ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ, ಗುಂಪಿನಲ್ಲಿ ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ.

ಗುಲ್ಮಾರ್ಗ್ ಇರುವುದು 2,650 ಮೀಟರ್ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ 700 ಮೀಟರ್ ಮೇಲೆ. ತಲುಪಿದ ದಿನ ಸುಮ್ಮನೆ ಓಡಾಡಿ, ನೀರು ಚೆನ್ನಾಗಿ ಕುಡಿಯಿರಿ. ತಲೆನೋವಿನ ಜೊತೆ ವಾಂತಿಯೂ ಬಂದರೆ ಮಾರನೆಯ ದಿನ ಸ್ಕೀ ಬೇಡ. ಹೊರಡುವ ಆರು ವಾರ ಮೊದಲೇ ವಾರಕ್ಕೆ ನಾಲ್ಕು ದಿನ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯ ಭಂಗಿಯಲ್ಲಿ ನಿಲ್ಲುವುದನ್ನು ರೂಢಿಸಿಕೊಳ್ಳಿ. 30 ಸೆಕೆಂಡಿನಿಂದ ಶುರುಮಾಡಿ 90ಕ್ಕೆ ಏರಿಸಿ. ಹಿಮದ ಮೇಲೆ ತೊಡೆಗಳು ದಿನವಿಡೀ ಮಾಡುವುದು ಇದೇ ಕೆಲಸವನ್ನು.

ಬಟ್ಟೆಯಲ್ಲಿ ಒಂದೇ ಕಟ್ಟುನಿಟ್ಟು: ಮೈಗೆ ತಾಗುವಂತೆ ಹತ್ತಿಬಟ್ಟೆ ಬೇಡ. ಅದು ಬೆವರು ಹೀರಿ ಒದ್ದೆಯಾಗೇ ಉಳಿಯುತ್ತದೆ, ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟ್‌ಗೆ ಕಾದು ನಿಂತಾಗ ಮೈ ತಣ್ಣಗಾಗುತ್ತದೆ. ಒಳಗೆ ಪಾಲಿಯೆಸ್ಟರ್ ಥರ್ಮಲ್, ಅದರ ಮೇಲೆ ಫ್ಲೀಸ್, ಹೊರಗೆ ನೀರು ಇಳಿಯದ ಜಾಕೆಟ್ ಮತ್ತು ಪ್ಯಾಂಟು ಇದ್ದರೆ ಸಾಕು. ಕೈಗವಸು ಎರಡು ಜೊತೆ ಬೇಕು, ಒಂದು ಜೊತೆ ಮಧ್ಯಾಹ್ನದೊಳಗೆ ನೆನೆದೇ ನೆನೆಯುತ್ತದೆ. ಹೆಲ್ಮೆಟ್ ಬಿಡಲೇಬೇಡಿ. ಹೊಸ ಹಿಮ ಬಿಸಿಲನ್ನು ಕೆಳಗಿನಿಂದಲೂ ಎರಚುವುದರಿಂದ ಗಾಗಲ್ಸ್ ಬೇಕು, ಸನ್‌ಸ್ಕ್ರೀನನ್ನು ಗದ್ದದ ಅಡಿಗೂ ಮೂಗಿನ ಕೆಳಗೂ ಹಚ್ಚಬೇಕು.

ಇನ್ನು ಬೂಟು. ಒಂದೇ ತೆಳು ಕಾಲುಚೀಲ ಹಾಕಿ, ಎರಡಲ್ಲ. ಎರಡನೆಯದು ಸುಕ್ಕುಗಟ್ಟಿ ರಕ್ತ ಓಡಾಡದಂತೆ ಒತ್ತುತ್ತದೆ, ಪಾದ ಇನ್ನಷ್ಟು ತಣ್ಣಗಾಗುತ್ತದೆ. ಥರ್ಮಲ್ ಪ್ಯಾಂಟಿನ ತುದಿಯನ್ನೂ ಬೂಟಿನೊಳಗೆ ತುರುಕಬಾರದು. ಕಾಲು ತೂರಿಸಿದ ಮೇಲೆ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಅದು ಹಿಂದಕ್ಕೆ ಕೂರಲಿ. ನಂತರ ಬಕಲ್‌ಗಳನ್ನು ಹಾಕಿ, ಪಾದದ ಗಂಟಿನ ಹತ್ತಿರದ್ದು ಬಿಗಿ, ಬೆರಳುಗಳ ಕಡೆಯದು ಸಡಿಲ. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದಿನ ಗೋಡೆಗೆ ಸವರಬೇಕು, ಮೊಣಕಾಲು ಮುಂದಕ್ಕೆ ಬಗ್ಗಿಸಿದಾಗ ಹಿಂದೆ ಸರಿಯಬೇಕು. ಬಗ್ಗಿದಾಗ ಹಿಮ್ಮಡಿ ಮೇಲೇಳುತ್ತಿದ್ದರೆ ಬೂಟು ದೊಡ್ಡದಾಯಿತು. ಹೊಸಬರು ಆರಾಮವೆಂದು ಆರಿಸಿಕೊಳ್ಳುವುದು ಇಂಥದ್ದನ್ನೇ. ಕಾಲು ಒಳಗೆ ಆಡಿದಷ್ಟೂ ಸ್ಕೀ ಮಾತು ಕೇಳುವುದಿಲ್ಲ. ಹತ್ತು ನಿಮಿಷ ಅಂಗಡಿಯಲ್ಲೇ ನಡೆದಾಡಿ, ಬೇಡವಾದರೆ ಬದಲಿಸಿ ಅನ್ನಿ, ಸಂಕೋಚ ಬೇಡ.

ಸ್ಕೀ ಉದ್ದ ನಿಮ್ಮ ಗದ್ದದ ಮಟ್ಟಕ್ಕಿರಲಿ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಹೊಂದಿಸುವಾಗ ನಿಮ್ಮ ನಿಜವಾದ ತೂಕ ಹೇಳಿ, ಹೊಸಬರೆಂದೂ ಹೇಳಿ. ಅದು ಅತಿ ಬಿಗಿಯಾಗಿದ್ದರೆ ಬಿದ್ದಾಗ ಸ್ಕೀ ಕಳಚಿಕೊಳ್ಳದೆ ಮೊಣಕಾಲನ್ನು ತಿರುಚುತ್ತದೆ. ತೊಡುವಾಗ ಮೊದಲು ಬೂಟಿನ ತುದಿ, ಆಮೇಲೆ ಹಿಮ್ಮಡಿ ಒತ್ತಿದರೆ ಟಕ್ ಎನ್ನಬೇಕು. ಅನ್ನದಿದ್ದರೆ ಬೂಟಿನ ಅಡಿಯಲ್ಲಿ ಹಿಮ ಮೆತ್ತಿಕೊಂಡಿದೆ ಎಂದರ್ಥ, ಪೋಲ್‌ನಿಂದ, ಅಂದರೆ ಕೈಯಲ್ಲಿ ಹಿಡಿಯುವ ಸ್ಕೀ ಕೋಲಿನಿಂದ, ಕೆರೆದು ಮತ್ತೆ ಒತ್ತಿ.

ಕಲಿಸುವವರನ್ನು ದಿನಗಳ ಲೆಕ್ಕದಲ್ಲಿ ಗೊತ್ತುಮಾಡಿ. ಗಂಟೆ ಲೆಕ್ಕದಲ್ಲಿ ಕೈಹಿಡಿದು ಎಳೆದಾಡಿಸಿ ಫೋಟೊ ತೆಗೆಸಿ ಕಳಿಸುವವರೂ ಸಿಗುತ್ತಾರೆ, ಅದು ಸವಾರಿಯಾಯಿತೇ ಹೊರತು ಕಲಿಕೆಯಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಅಲ್ಲೇ ಇದೆ, ಅದರ ಕೋರ್ಸ್‌ಗಳಿಗೆ ಮೊದಲೇ ಅರ್ಜಿ ಹಾಕಬೇಕು. ಮೊದಲ ದಿನ ಕಲಿಯಬೇಕಾದ್ದು ನಿಲ್ಲುವುದನ್ನು: ಸ್ಕೀಗಳ ಮೂತಿ ಹತ್ತಿರ, ಬಾಲ ಅಗಲ, ಎರಡರ ಒಳ ಅಂಚೂ ಹಿಮವನ್ನು ಕಚ್ಚಬೇಕು. ಹೆದರಿಕೆಗೆ ಎಲ್ಲರೂ ಹಿಂದಕ್ಕೆ ವಾಲುತ್ತಾರೆ. ವಾಲಿದರೆ ಭಾರ ಬಾಲದ ಮೇಲೆ ಬಿದ್ದು, ತಿರುಗಿಸಬೇಕಾದ ಮೂತಿ ಹಗುರಾಗಿ ವೇಗ ಇನ್ನೂ ಹೆಚ್ಚುತ್ತದೆ. ಕಣಕಾಲು ಬೂಟಿನ ನಾಲಗೆಗೆ ಸದಾ ಒತ್ತಿಕೊಂಡಿರಲಿ. ಬೀಳುವುದು ಖಚಿತವಾದಾಗ ಪೋಲ್ ಬಿಟ್ಟು ಪಕ್ಕಕ್ಕೆ, ಸೊಂಟದ ಮೇಲೆ ಬೀಳಿ. ಪೋಲ್ ಹಿಡಿದೇ ಕೈಯೂರಿದರೆ ಹೆಬ್ಬೆರಳಿನ ಬುಡದ ಅಸ್ಥಿಬಂಧ ಹರಿಯಬಹುದು.

ಗುಲ್ಮಾರ್ಗ್‌ನ ಗೊಂಡೊಲ, ಅಂದರೆ ಕೇಬಲ್ ಕಾರಿನ ಎರಡನೇ ಹಂತ ಅಫರ್ವತ್ ಪರ್ವತದ ಮೇಲೆ ಸುಮಾರು 3,950 ಮೀಟರ್‌ಗೆ ಒಯ್ಯುತ್ತದೆ. ಹಿಮಕುಸಿತದ ಅಪಾಯವಿರುವ ಆ ಕಡಿದಾದ ಇಳಿಜಾರು ಹೊಸಬರದ್ದಲ್ಲ. ನೋಡಬೇಕೆನಿಸಿದರೆ ಸ್ಕೀ ಕೆಳಗಿಟ್ಟು ಹೋಗಿ, ಗೊಂಡೊಲದಲ್ಲೇ ಇಳಿದು ಬನ್ನಿ.

ಸಂಜೆ ಬೂಟಿನ ಒಳಚೀಲ ಹೊರತೆಗೆದು ಕೋಣೆಯಲ್ಲಿ ಒಣಗಿಸಿ. ಬುಖಾರಿ ಒಲೆಗೆ ತೀರಾ ಹತ್ತಿರ ಇಟ್ಟರೆ ಅದರ ಫೋಮ್ ಕೆಡುತ್ತದೆ. ಬುಖಾರಿ ಉರಿಯುವಾಗ ಕಿಟಕಿ ಸ್ವಲ್ಪ ತೆರೆದೇ ಇರಲಿ. ಬೂಟನ್ನು ಮಾತ್ರ ವರಾಂಡದಲ್ಲಿ ಬಿಡಬೇಡಿ, ಚಳಿಗೆ ಸೆಟೆದ ಪ್ಲಾಸ್ಟಿಕ್‌ನೊಳಗೆ ಬೆಳಿಗ್ಗೆ ಕಾಲು ತೂರುವುದೇ ಇಲ್ಲ.