ಗೊತ್ತಿಲ್ಲ ಅನ್ನೋ ಜಾಗಕ್ಕೆಲ್ಲ ದೇವರನ್ನ ಯಾಕೆ ಕೂರಿಸ್ತೀರಾ?

ಇಡೀ ವಿಶ್ವದಲ್ಲಿ ನಮಗೆ ಗೊತ್ತಿರೋ ವಸ್ತು ಹೆಚ್ಚುಕಮ್ಮಿ 5% ಅಷ್ಟೇ, ಉಳಿದಿದ್ದು 27% ಡಾರ್ಕ್ ಮ್ಯಾಟರ್, 68% ಡಾರ್ಕ್ ಎನರ್ಜಿ, ಅವು ಏನು ಅಂತ ಯಾರಿಗೂ ಗೊತ್ತಿಲ್ಲ. ಈ ಲೆಕ್ಕ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಬಂದಾಗಲೆಲ್ಲ ಕೆಳಗಡೆ ಕೈಮುಗಿಯೋ ಇಮೋಜಿ ಜೊತೆ "ಆ 95% ಪರಮಾತ್ಮನೇ" ಅಂತ ಒಂದು ಸಾಲು ಇದ್ದೇ ಇರತ್ತೆ. ಚಿಕ್ಕಪ್ಪಂಗೆ ಇದು ಬಹಳ ಇಷ್ಟದ ಫಾರ್ವರ್ಡ್.

ಗೊತ್ತಿಲ್ಲ ಅನ್ನೋದೇನೋ ನಿಜ. 1970ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿಗಳಾದ ವೆರಾ ರೂಬಿನ್ ಮತ್ತೆ ಕೆಂಟ್ ಫೋರ್ಡ್ ನಮ್ಮ ಪಕ್ಕದ ಆಂಡ್ರೊಮಿಡಾ ಗ್ಯಾಲಕ್ಸಿ ಎಷ್ಟು ಸ್ಪೀಡಲ್ಲಿ ಸುತ್ತತ್ತೆ ಅಂತ ಅಳೆದು ಪೇಪರ್ ಬರೆದ್ರು, ನಮ್ಮ ಸೌರಮಂಡಲದಲ್ಲಿ ಸೂರ್ಯನಿಂದ ದೂರ ಹೋದಷ್ಟೂ ಗ್ರಹಗಳು ನಿಧಾನ ಅಲ್ವಾ, ಹಾಗೇ ಅಲ್ಲೂ ಅಂಚಿನಲ್ಲಿರೋದು ನಿಧಾನ ಆಗ್ಬೇಕಿತ್ತು, ಆಗಿರ್ಲಿಲ್ಲ. ಕಣ್ಣಿಗೆ ಕಾಣೋ ನಕ್ಷತ್ರಗಳ ಗುರುತ್ವ ಅದಕ್ಕೆ ಸಾಲಲ್ಲ, ಇನ್ನೇನೋ ಹಿಡಿದಿಟ್ಟಿದೆ, ಅದಕ್ಕೇ ಡಾರ್ಕ್ ಮ್ಯಾಟರ್ ಅನ್ನೋದು. ಆ "ಇನ್ನೇನೋ" ಇವತ್ತಿನವರೆಗೂ ಯಾವ ಡಿಟೆಕ್ಟರಿಗೂ ಸಿಕ್ಕಿಲ್ಲ. ನಮ್ಮ ಕೋಲಾರದ ಕೆಜಿಎಫ್ ಗಣಿಯಲ್ಲೂ 1980ರ ದಶಕದಲ್ಲಿ 2 ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದು, ಇನ್ನೊಂದು ಗೊತ್ತಿಲ್ಲದ ಪ್ರಶ್ನೆಗೆ, ಅಂದ್ರೆ ಪರಮಾಣುವಿನೊಳಗಿನ ಪ್ರೋಟಾನ್ ಕಣ ಯಾವತ್ತಾದ್ರೂ ಒಡೆಯತ್ತಾ ಅಂತ ವರ್ಷಗಟ್ಟಲೆ ಕಾದ್ರು (ಚಿನ್ನದ ಕಥೆ ಎಲ್ಲರಿಗೂ ಗೊತ್ತು, ಇದು ಯಾರಿಗೂ ಗೊತ್ತಿಲ್ಲ). ಅದಕ್ಕೂ ಇನ್ನೂ ಉತ್ತರ ಇಲ್ಲ. ಗೊತ್ತಿಲ್ಲ ಅಂದ್ರೆ ವಿಜ್ಞಾನಿ ಮಾಡೋದು ಇದನ್ನ, ಲೈಟ್ ಹಾಕ್ಕೊಂಡು ಕೆಳಗಿಳಿಯೋದು.

ನನ್ನ ತಕರಾರು ಭಕ್ತಿ ಬಗ್ಗೆ ಅಲ್ಲ. ವಿಜ್ಞಾನದ ತೂತಿನಲ್ಲಿ ದೇವರನ್ನ ಬಾಡಿಗೆಗೆ ಇಟ್ರೆ ಯಾವತ್ತು ಖಾಲಿ ಮಾಡಿಸ್ತಾರೋ ಹೇಳಕ್ಕಾಗಲ್ಲ. ನ್ಯೂಟನ್‌ಗೇ ಹೀಗಾಯ್ತು. ಗ್ರಹಗಳು ಒಂದನ್ನೊಂದು ಎಳೆದೂ ಎಳೆದೂ ದಾರಿ ತಪ್ಪತ್ವೆ, ಆಗಾಗ ದೇವರೇ ಬಂದು ಸರಿ ಮಾಡ್ಬೇಕು ಅಂದಿದ್ದ ಮಹಾಶಯ. 1780ರ ದಶಕದಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಕೂತು ಲೆಕ್ಕ ಹಾಕಿದ, ಗುರು ಶನಿಗಳ ಏರುಪೇರು ಸುಮಾರು 900 ವರ್ಷದಲ್ಲಿ ತಾನೇ ವಾಪಸ್ ಸರಿಹೋಗತ್ತೆ ಅಂತ ತೋರಿಸಿದ. ಅಲ್ಲಿಗೆ ದೇವರಿಗೆ ಆ ಕೆಲಸ ಹೋಯ್ತು.

ಇದು ಚೆನ್ನಾಗಿ ಅರ್ಥ ಆಗಿದ್ದಿದ್ದು ಒಬ್ಬ ಪಾದ್ರಿಗೆ. ಬೆಲ್ಜಿಯಂನ ಜಾರ್ಜ್ ಲೆಮೈತ್ರ, 1923ರಲ್ಲಿ ದೀಕ್ಷೆ ತಗೊಂಡ ಕ್ಯಾಥೊಲಿಕ್ ಪಾದ್ರಿ, 1927ರಲ್ಲಿ ವಿಶ್ವ ಹಿಗ್ಗುತ್ತಾ ಇದೆ ಅಂತ ಬರೆದೋನು, 1931ರಲ್ಲಿ ಇದೆಲ್ಲ ಒಂದು ಆದಿಮ ಪರಮಾಣುವಿನಿಂದ ಶುರುವಾಗಿರ್ಬೇಕು ಅಂದೋನು. ನಾವೀಗ ಬಿಗ್ ಬ್ಯಾಂಗ್ ಅನ್ನೋದರ ಬೇರು ಅಲ್ಲಿದೆ. 1951ರ ನವೆಂಬರಲ್ಲಿ ಪೋಪ್ 12ನೇ ಪಯಸ್ ಭಾಷಣ ಮಾಡಿ, ನೋಡಿ ವಿಜ್ಞಾನವೇ ಸೃಷ್ಟಿಗೆ ಸಾಕ್ಷಿ ಹೇಳ್ತಿದೆ ಅನ್ನೋ ಧಾಟಿಯಲ್ಲಿ ಮಾತಾಡಿದ್ರು. ಬೇರೆ ಯಾರಾದ್ರೂ ಆಗಿದ್ರೆ ಹಾರ ಹಾಕಿಸ್ಕೊಂಡು ಫೋಟೋಗೆ ನಿಲ್ತಿದ್ರೇನೋ, ಲೆಮೈತ್ರಗೆ ಅದು ಸ್ವಲ್ಪನೂ ಹಿಡಿಸ್ಲಿಲ್ಲ. ತನ್ನ ಥಿಯರಿ ಧರ್ಮದ ಪ್ರಶ್ನೆಗಳ ಹೊರಗಿರೋದು, ದೇವರನ್ನ ನಂಬೋನೂ ನಂಬದೇ ಇರೋನೂ ಅದನ್ನ ಒಪ್ಪಬಹುದು ಅನ್ನೋದು ಅವನ ನಿಲುವು. ಆಮೇಲೆ 1952ರಲ್ಲಿ ಖಗೋಳ ವಿಜ್ಞಾನಿಗಳ ಮುಂದೆ ಮಾತಾಡಿದಾಗ ಪೋಪ್ ಆ ಮಾತು ಎತ್ತಲಿಲ್ಲ. ಲೆಮೈತ್ರ ಮಾತ್ರ ಕೊನೇವರೆಗೂ ಪಾದ್ರಿಯಾಗೇ ಇದ್ದ, ಅವನ ನಂಬಿಕೆಗೆ ಈ ಸಾಕ್ಷಿ ಬೇಕಿರ್ಲಿಲ್ಲ.

ಇದನ್ನ ಗ್ರೂಪಲ್ಲಿ ಹಾಕಿದ್ದಕ್ಕೆ ಚಿಕ್ಕಪ್ಪ "ಹಂಗಾದ್ರೆ ಗವಿ ಗಂಗಾಧರೇಶ್ವರಕ್ಕೆ ಏನ್ ಹೇಳ್ತೀಯ?" ಅಂದ್ರು. ಬೆಂಗಳೂರಿನ ಗವಿಪುರದ ಆ ಗುಹಾ ದೇವಸ್ಥಾನದಲ್ಲಿ ಸಂಕ್ರಾಂತಿ ಸಂಜೆ ಬಿಸಿಲು ಕಿಟಕಿಯಿಂದ ತೂರಿ, ನಂದಿ ಕೊಂಬಿನ ನಡುವೆ ಹಾದು ಲಿಂಗದ ಮೇಲೆ ಬೀಳತ್ತಲ್ಲ, ಅದು. ಕಟ್ಟಿದೋರ ಲೆಕ್ಕಕ್ಕೆ ಕೈ ಮುಗೀಬೇಕು, ಎರಡು ಮಾತಿಲ್ಲ. ಆದ್ರೆ ಅದು ಬಿಡಿಸಲಾಗದ ರಹಸ್ಯ ಅಲ್ಲ ಚಿಕ್ಕಪ್ಪಾ. ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ದಕ್ಷಿಣದ ತುದಿ ಮುಟ್ಟಿ ವಾಪಸ್ ಹೊರಡ್ತಾನೆ, ಜನವರಿ 14ಕ್ಕೆ ಎಲ್ಲಿರ್ತಾನೋ ನವೆಂಬರ್ ಕೊನೇ ವಾರ ಹೋಗ್ತಾ ಅಲ್ಲೇ ಹಾದು ಹೋಗಿರ್ತಾನೆ. ಅಂದ್ರೆ ಅದೇ ಬಿಸಿಲು ಅದೇ ಲಿಂಗದ ಮೇಲೆ ನವೆಂಬರಲ್ಲೂ ಬೀಳತ್ತೆ, ಟೀವಿಯವರ ಲೈವ್ ಇರಲ್ಲ, ಕ್ಯೂ ಇರಲ್ಲ ಅಷ್ಟೇ. ಚಿಕ್ಕಪ್ಪ ಇದಕ್ಕೆ ಬರೀ ಥಂಬ್ಸ್ ಅಪ್ ಹಾಕಿದ್ರು, ಒಪ್ಪಿದ್ರೋ ಬೈದ್ರೋ ತಿಳೀಲಿಲ್ಲ.

ಅಮ್ಮ ಪ್ರತಿ ಸಂಕ್ರಾಂತಿಗೂ ಅಲ್ಲಿಗೆ ಹೋಗೋಳು. ಇದನ್ನ ಕೇಳಿ ಬೇಜಾರು ಮಾಡ್ಕೋತಾಳೇನೋ ಅಂತ ಹೆದರ್ಕೊಂಡೇ ಹೇಳಿದೆ. "ಅಯ್ಯೋ ಮೊದಲೇ ಹೇಳ್ಬಾರ್ದಾ, ಆ ನೂಕುನುಗ್ಗಲಲ್ಲಿ ಸಾಯೋ ಬದಲು ನವೆಂಬರಲ್ಲೇ ಆರಾಮಾಗಿ ದರ್ಶನ ಮಾಡ್ಬಹುದಿತ್ತು" ಅಂದ್ಲು.