ಬಿಸಿಯೋ, ಖಾರವೋ

ಕಲಬುರಗಿ, 12 ಮೇ 2024, ಭಾನುವಾರ

ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಕ್ಕನ ಮಗಳು ರಜೆಯ ಅಭ್ಯಾಸದ ಪುಸ್ತಕವನ್ನೂ ತಾಟಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ‘ಹಾಟ್’ ಎಂಬ ಪದವಿರುವ ಐದು ಇಂಗ್ಲಿಷ್ ವಾಕ್ಯಗಳನ್ನು ಕನ್ನಡಕ್ಕೆ ತರಬೇಕಿತ್ತು; ಮೊದಲೆರಡಕ್ಕೆ ‘ಬಿಸಿ’ ಎಂದು ಬರೆದವಳು ಮೂರನೆಯದರಲ್ಲಿ ‘ಬಿಸಿ ಮೆಣಸಿನಕಾಯಿ’ ಎಂದಾದೊಡನೆ ತಾನೇ ಅನುಮಾನಪಟ್ಟು ನಿಲ್ಲಿಸಿದ್ದಳು. “ಮಾಮಾ, ಮೆಣಸಿನಕಾಯಿ ಬಿಸಿ ಹ್ಯಾಂಗ ಇರ್ತದ? ಖಾರ ಅಲ್ಲೇನು?” ಎಂದು ಕೇಳಿದಳು.

ಇಂಗ್ಲಿಷಿನವರು ಎರಡಕ್ಕೂ ಒಂದೇ ಪದ ಬಳಸುವುದು ಆ ಭಾಷೆಯ ಬಡತನವೆಂದು ನಾನು ಆ ಕ್ಷಣಕ್ಕೆ ಹೇಳಿಬಿಟ್ಟೆ. ಮೇ ತಿಂಗಳಲ್ಲಿ ಈ ಊರಿನಲ್ಲಿರುವವರಿಗೆ ಹಾಗೆ ಅನ್ನಿಸುವುದು ಸಹಜ. ಹೊರಗೆ ಸುಡುವುದು ಬಿಸಿಲು, ಕಿಟಕಿಯಿಂದ ಮುಖಕ್ಕೆ ಬಡಿಯುವುದು ಝಳ, ರಾತ್ರಿ ಮಾಳಿಗೆಯ ಮೇಲೆ ಮಲಗಿದರೂ ನಿದ್ದೆಗೊಡದಿರುವುದು ಧಗೆ, ಕೋಳಿ ಮೊಟ್ಟೆಗೆ ಕೊಡುವುದು ಕಾವು, ಮಾವಿನಹಣ್ಣು ಹೆಚ್ಚು ತಿಂದು ಕಣ್ಣುರಿ ಬಂದರೆ ಅದು ಉಷ್ಣ. ಇಂಗ್ಲಿಷಿನಲ್ಲಾದರೋ ಕದ್ದ ಮಾಲು, ವಿದ್ಯುತ್ತು ಹರಿಯುವ ತಂತಿ, ಆಗತಾನೇ ಬಂದ ಸುದ್ದಿ, ಕಣ್ಸೆಳೆಯುವ ಚೆಲುವು, ಎಲ್ಲವೂ ‘ಹಾಟ್’. ಸುದ್ದಿಯನ್ನು ನಾವೂ ‘ಬಿಸಿ ಬಿಸಿ’ ಎನ್ನುತ್ತೇವೆ. ಕದ್ದ ಗಡಿಯಾರವನ್ನು ಮಾತ್ರ ಹಾಗೆ ಕರೆಯಲಾರೆವು.

ಆದರೆ ಊಟ ಮುಗಿಯುವ ಮೊದಲೇ ನನ್ನ ಮಾತನ್ನು ನಾನೇ ಹಿಂದಕ್ಕೆ ಪಡೆಯಬೇಕಾಯಿತು. ಆಕೆ ರೊಟ್ಟಿಯ ಜೊತೆಗೆ ರಂಜಕವನ್ನು, ಅಂದರೆ ಕೆಂಪು ಮೆಣಸಿನಕಾಯಿಯ ಚಟ್ನಿಯನ್ನು, ತುಸು ಹೆಚ್ಚೇ ಬಾಯಿಗಿಟ್ಟುಕೊಂಡು, ಕೆಂಪೇರಿದ ಮುಖದಲ್ಲಿ, ಮೂಗಿನ ಮೇಲೆ ಬೆವರ ಹನಿ ಮೂಡಿರಲು, “ಬಾಯಿ ಸುಡ್ಲಿಕ್ಹತ್ಯದ” ಎಂದಳು. ಖಾರಕ್ಕೆ ಆ ಮಗುವಿನ ಬಾಯಿಗೆ ಬಂದ ಪದ ಬೆಂಕಿಯದೇ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು 1997ರಲ್ಲಿ ಕಂಡುಕೊಂಡದ್ದು ಇದನ್ನೇ: ನೋವನ್ನು ಅರಿಯುವ ನರಗಳ ತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಪ್ರೋಟೀನು ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖಕ್ಕೆ ತೆರೆದುಕೊಳ್ಳುತ್ತದೆ, ಮೆಣಸಿನಕಾಯಿಗೆ ಖಾರ ತರುವ ಕ್ಯಾಪ್ಸೈಸಿನ್ ಎಂಬ ವಸ್ತು ತಗುಲಿದಾಗಲೂ ತೆರೆದುಕೊಳ್ಳುತ್ತದೆ, ಮಿದುಳಿಗೆ ಎರಡು ಸಲವೂ ಸುಡುವಿಕೆಯ ಸುದ್ದಿಯನ್ನೇ ಮುಟ್ಟಿಸುತ್ತದೆ. ಈ ಬಗೆಯ ಶೋಧಕ್ಕಾಗಿ 2021ರಲ್ಲಿ ಜೂಲಿಯಸ್ ಅವರಿಗೂ ಇನ್ನೊಬ್ಬ ವಿಜ್ಞಾನಿ ಆರ್ಡೆಮ್ ಪಟಪೌಟಿಯನ್ ಅವರಿಗೂ ನೊಬೆಲ್ ದೊರೆಯಿತು.

ಹಕ್ಕಿಗಳ ಶರೀರದಲ್ಲಿಯೂ ಇದೇ ಪ್ರೋಟೀನಿದ್ದು ಅದು ಶಾಖವನ್ನು ಅರಿಯುತ್ತದೆಯಾದರೂ, ಕ್ಯಾಪ್ಸೈಸಿನ್‌ಗೆ ಓಗೊಡುವುದಿಲ್ಲ. ಹಣ್ಣಾದ ಮೆಣಸಿನಕಾಯಿಯನ್ನು ಗಿಳಿ ನಿಶ್ಚಿಂತೆಯಿಂದ ಕುಕ್ಕಿ ತಿನ್ನುವುದು ಅದಕ್ಕೇ. ಗಿಳಿಯ ಪಾಲಿಗೆ ಬಿಸಿಯನ್ನೂ ಖಾರವನ್ನೂ ಬೇರೆ ಮಾಡಿದ ನಮ್ಮ ನುಡಿಯೇ ಸರಿ ಎನ್ನುವುದು ನನಗೆ ಬಹಳ ಹಿಡಿಸಿತು.

ಆಕೆ ನೀರಿನ ತಂಬಿಗೆಗೆ ಕೈ ಚಾಚಿದಾಗ ತಡೆದು ಗಟ್ಟಿ ಮೊಸರು ಕೊಟ್ಟೆ. ಕ್ಯಾಪ್ಸೈಸಿನ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಮೊಸರಿನ ಕೊಬ್ಬೂ ಕೇಸೀನ್ ಎಂಬ ಪ್ರೋಟೀನೂ ಅದನ್ನು ನಾಲಿಗೆಯಿಂದ ಬಿಡಿಸುತ್ತವೆ.

ಉರಿ ಇಳಿದ ಮೇಲೆ ನಾಲ್ಕನೆಯ ವಾಕ್ಯ ಬಂತು. ಅದರಲ್ಲಿ ಒಬ್ಬನ ಸಿಟ್ಟಿನ ಉತ್ತರಕ್ಕೆ ಅದೇ ಪದವಿತ್ತು. “ಇದಕ್ಕೇನು ಬರೀಲಿ, ಮಾಮಾ?” ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ‘ಅವನು ಖಾರವಾಗಿ ಉತ್ತರಿಸಿದನು’ ಎಂದು ಬರೆದು ಪುಸ್ತಕವನ್ನು ನನ್ನತ್ತ ತಿರುಗಿಸಿದಳು.